ಕೆಂಪಮ್ಮನ ಎಡೆ

ಸಾವಿರದ ಒಂಬೈನೂರ ತೊಂಬತ್ತೈದರ ಪಿತೃಪಕ್ಷದ ಒಂದು ಮಧ್ಯಾಹ್ನ, ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೋರೇಗೌಡ ಎಂಬುವರ ಮನೆಯ ಜಗಲಿಯ ಮೇಲೆ, ನಡುಮನೆಯ ಬಾಗಿಲಿನ ಎಡಗಡೆ ನಾನು ನಿಂತಿದ್ದೆ. ಬಾಗಿಲು ಮುಚ್ಚಿತ್ತು. ಒಳಗೆ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲಿಗೆ ಬೋರೇಗೌಡರ ಹೆಂಡತಿ ಒಳಗಿನಿಂದ ಅಗಣಿ ಹಾಕಿ, ಮುಂಬಾಗಿಲಿನಿಂದಲೇ ಹೊರಗೆ ಬಂದದ್ದನ್ನು ನಾನು ನೋಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಈ ಸಂಗತಿಯನ್ನು ಹೇಳಿದಾಗಲೆಲ್ಲ ಜನ ಕೇಳುವುದು ಅದನ್ನೇ: ನೀನು ಎಲ್ಲಿ ನಿಂತಿದ್ದೆ, ಒಳಗೆ ಯಾರಿದ್ದರು.

ಆ ಮನೆ ಈಗ ಇಲ್ಲ. ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಹೋದ ತಿಂಗಳು ಗುದ್ದಲಿಪೂಜೆಗೆ ಕರೆದಿದ್ದರು ಎಂದು ಹೋಗಿದ್ದೆ. ಆ ಹಳೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಅಂಗಳದ ಗೋಡೆಗೆ ಒರಗಿಸಿದ್ದರು. ಹಿಂದಿನ ದಿನ ಮಳೆಯಾಗಿ ಮರ ನೆನೆದಿತ್ತು. ಹತ್ತಿರ ಹೋದಾಗ ಅದರಿಂದ ಸಾಂಬ್ರಾಣಿಯ ವಾಸನೆ ಬಂತು. ಎಷ್ಟೋ ವರ್ಷಗಳ ಧೂಪ ಕುಡಿದ ಮರ. ಅಲ್ಲಿ ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ನಮ್ಮದು ಸಂತೆಬಾಚಹಳ್ಳಿಯಿಂದ ಒಳಕ್ಕಿರುವ ಊರು. ನಾನು ಕೆ.ಆರ್.ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ಅವ್ವನನ್ನು ಊರೆಲ್ಲ ಕೆಂಪಮ್ಮ ಎಂದು ಕರೆಯುತ್ತಿತ್ತು. ಅಪ್ಪ ಕೆಂಪಿ ಎನ್ನುತ್ತಿದ್ದರು. ಎಮ್ಮೆ ಕರೆದು, ರಾಗಿ ಬೀಸಿ, ಮೂರು ಮಕ್ಕಳನ್ನು ಸಾಕಿದ ಸಾಮಾನ್ಯ ಹೆಂಗಸು. ಬೇರೆಯವರ ಅಮ್ಮಂದಿರಿಗೂ ಅವಳಿಗೂ ಇದ್ದ ವ್ಯತ್ಯಾಸ ಒಂದೇ. ಅವಳಿಗೆ ತವರಿರಲಿಲ್ಲ. ಗೌರಿಹಬ್ಬಕ್ಕೆ ಬಾಗಿನ ತರುವವರು ಬರುತ್ತಿರಲಿಲ್ಲ. ನನ್ನ ಕಿವಿ ಚುಚ್ಚಿಸುವಾಗ ಸೋದರಮಾವ ಎಂದು ತೊಡೆಯ ಮೇಲೆ ಕೂರಿಸಿಕೊಂಡದ್ದು ಅಪ್ಪನ ಸ್ನೇಹಿತ, ಬೂಕನಕೆರೆಯ ಒಬ್ಬ ದನದ ವ್ಯಾಪಾರಿ. ಕೇಳಿದರೆ ಅವ್ವ, ಎಲ್ಲ ಹೋದರು ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದಳು.

ಇನ್ನೊಂದು ಸಂಗತಿ. ಅವ್ವ ಹಸಿರು ತೊಡುತ್ತಿರಲಿಲ್ಲ. ಸೀರೆಯೂ ಇಲ್ಲ, ಬಳೆಯೂ ಇಲ್ಲ. ಬಳೆಯ ಮಲಾರ ಹೊತ್ತು ಬರುತ್ತಿದ್ದ ಬಾಷಾ ಸಾಬರು ಪ್ರತಿ ಸಲವೂ ಹಸಿರು ಗಾಜಿನ ಬಳೆಗಳನ್ನೇ ಮೊದಲು ತೆಗೆದು, "ಏನ್ ಕೆಂಪಮ್ಮಾ, ಹಸ್ರು ನಿಮ್ ಕೈ ಕಚ್ತದಾ?" ಎಂದು ಕಾಡಿಸುತ್ತಿದ್ದರು. ಅವ್ವ ನಕ್ಕು ಕೆಂಪು ಬಳೆ ತೊಡಿಸಿಕೊಳ್ಳುತ್ತಿದ್ದಳು.

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಶ್ರಾವಣದಲ್ಲಿ ಅವ್ವ ಹಾಸಿಗೆ ಹಿಡಿದಳು. ಕಾಲು ಊದಿತು, ನಾಲ್ಕು ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಹೃದಯ ಸೋತಿದೆ ಎಂದರು ಡಾಕ್ಟರು. ಭಾದ್ರಪದದ ಮೋಡ ಕವಿದ ಒಂದು ಬೆಳಿಗ್ಗೆ, ನನ್ನ ಹೆಂಡತಿ ಜಯ ಅವಳಿಗೆ ಗಂಜಿ ಕುಡಿಸುತ್ತಿದ್ದಾಗ, ಅವ್ವ ಲೋಟ ಸರಿಸಿ ನನ್ನನ್ನು ಹತ್ತಿರ ಕರೆದಳು.

"ಪಕ್ಸ ಬತ್ತಾ ಅದೆ. ನಾನ್ ಓದ್ಮೇಲೆ ಎಡೆ ಇಕ್ಕುವಾಗ ಕೆಂಪಮ್ಮ ಅಂತ ಕರೀಬ್ಯಾಡ ಕಣ್ ಮಗ. ಅಂಗ್ ಕರುದ್ರೆ ನಾನ್ ಬರಕ್ಕಾಗಕ್ಕಿಲ್ಲ. ಅವ್ಳು ಬತ್ತಾಳೆ."

ಯಾರು ಎಂದೆ.

"ಅದು ಅವ್ಳೆಸ್ರು. ನಂಗೆ ಕೊಟ್ಟವ್ರೆ."

ಪಕ್ಷದ ದಿನ ನಮ್ಮ ಕಡೆ ತೀರಿಹೋದ ಹಿರಿಯರ ಲೆಕ್ಕಕ್ಕೆ ಒಬ್ಬೊಬ್ಬರಿಗೂ ಹೊಸ ಬಟ್ಟೆ ಮಡಿಸಿಟ್ಟು, ಅದರ ಮುಂದೆ ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸುತ್ತೇವೆ. ಧೂಪ ಹಾಕಿ ಹೆಸರು ಹಿಡಿದು ಕರೆಯುತ್ತೇವೆ. ಆಮೇಲೆ ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹೆಸರು ಕರೆಯದಿದ್ದರೆ ಬರುವಂತಿಲ್ಲ. ಬದುಕಿರುವವರ ಹೆಸರನ್ನು ಅಲ್ಲಿ ಕರೆಯುವಂತಿಲ್ಲ.

ಅವ್ವ ಉಸಿರು ಬಿಟ್ಟು ಬಿಟ್ಟು ಹೇಳಿದ್ದನ್ನು ಕೂಡಿಸಿದರೆ ಇಷ್ಟು. ಅಪ್ಪ ಮೊದಲು ಮದುವೆಯಾದದ್ದು ಅವ್ವನ ಅಕ್ಕನನ್ನು. ಆಕೆ ಕೆಂಪಮ್ಮ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಸಂಬಂಧ ಕಡಿಯಬಾರದೆಂದು ಎರಡು ಮನೆಯ ಹಿರಿಯರು ಕೂತು, ಇನ್ನೂ ಮೈನೆರೆಯದ ತಂಗಿಯನ್ನು ಅದೇ ಮನೆಗೆ ಕಳಿಸಿದರು. ಸತ್ತವಳು ಸವತಿಯೆಂದು ಬಂದು ಕಾಡಬಾರದು ಎಂದು ಹುಡುಗಿಗೆ ಅಕ್ಕನ ಹೆಸರನ್ನೇ ಇಟ್ಟರು. ಹೆಸರು ಅದೇ ಆದರೆ ತನ್ನ ಜಾಗ ತನ್ನದೇ ಎಂದು ಅವಳು ಸುಮ್ಮನಿರುತ್ತಾಳೆ ಎಂಬ ನಂಬಿಕೆ. ಹುಡುಗಿಯ ಕೈಯನ್ನು ದೀಪದ ಮೇಲೆ ಹಿಡಿಸಿ, ಹುಟ್ಟಿದ ಹೆಸರನ್ನೂ ಊರನ್ನೂ ಬಾಯಿಂದ ಆಡಕೂಡದು ಎಂದು ಆಣೆ ಮಾಡಿಸಿದರು. ಆಣೆ ಅವಳ ಮೇಲಲ್ಲ, ಅವಳಿಗೆ ಹುಟ್ಟುವ ಮಕ್ಕಳ ಮೇಲೆ.

ಅದಕ್ಕೇ ಅವ್ವ ಆಡಲಿಲ್ಲ. ಆ ಬೆಳಿಗ್ಗೆಯೂ ಆಡಲಿಲ್ಲ.

"ಅಲ್ಲಿ ಸಾಲ್ನಲ್ಲಿ ನಿಮ್ಮಪ್ಪನ್ ಮಗ್ಗುಲ್ಗೆ ಅವ್ಳು ಕುಂತವ್ಳೆ. ನನ್ನೆಸ್ರು ಯಾರೂ ಕರೀನಿಲ್ಲ ಅಂದ್ರೆ ನಾನೆಲ್ ಕೂತ್ಕಳ್ಳಿ? ಓಗಿ ಕೇಳ್ಕಂಡ್ ಬಾ. ನಾನೇಳಕ್ಕಿಲ್ಲ. ನೀನ್ ಚೆನ್ನಾಗಿರ್ಬೇಕು."

ಜಯ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದಳು.

ಊರಿನ ಹೆಸರಿಲ್ಲದೆ ಊರು ಹುಡುಕಬೇಕು. ಅವ್ವ ಕೊಟ್ಟ ಗುರುತು ಕೆರೆ ಏರಿಯ ಮೇಲೆ ಬುಡ ಕೂಡಿದ ಎರಡು ಹುಣಸೆಮರ, ಅವುಗಳ ನಡುವೆ ತಲೆ ಒಡೆದ ಒಂದು ವೀರಗಲ್ಲು. ಗಾಡಿಯಲ್ಲಿ ನಸುಕಿಗೆ ಹೊರಟವರು ಸಂತೆಬಾಚಹಳ್ಳಿ ಮುಟ್ಟುವಾಗ ಸಂಜೆಯಾಗಿತ್ತಂತೆ, ಇಳಿಬಿಸಿಲು ಎದುರಿನಿಂದ ಕಣ್ಣಿಗೆ ಹೊಡೆಯುತ್ತಿತ್ತಂತೆ. ಅಂದರೆ ಮೂಡಲಿನಿಂದ ಬಂದವರು. ನನ್ನ ಅಂಗಡಿಗೆ ಸುಟ್ಟ ಮೋಟಾರು ತರುವವರು ನಾಲ್ಕು ಕಡೆಯಿಂದಲೂ ಬರುತ್ತಿದ್ದರು. ನಾಗಮಂಗಲದ ದಿಕ್ಕಿನವರು ಬಂದಾಗಲೆಲ್ಲ ಹುಣಸೆಮರದ ವಿಷಯ ಎತ್ತುತ್ತಿದ್ದೆ. ಹಲವರು ನಕ್ಕರು. ಹುಣಸೆಮರ ಇಲ್ಲದ ಏರಿ ಯಾವುದು ಎಂದರು. ಪಕ್ಷ ಹಿಡಿದ ಮೇಲೆ ಬಂದ ಒಬ್ಬರು ಮಾತ್ರ ವೀರಗಲ್ಲಿನ ತಲೆ ಒಡೆದಿದೆಯೇ ಎಂದು ತಾವೇ ಕೇಳಿದರು. ಊರಿನ ಹೆಸರು ಹೇಳಿ, ಬರುವ ಭಾನುವಾರ ಅಲ್ಲಿ ಪಕ್ಷ ಮಾಡುತ್ತಾರೆ, ಎಲ್ಲರೂ ಮನೆಯಲ್ಲಿ ಸಿಗುತ್ತಾರೆ, ಹೋಗಿ ಎಂದರು. ನಮ್ಮೂರಲ್ಲಿ ಪಕ್ಷ ಅಮಾವಾಸ್ಯೆಗೆ. ಅದಕ್ಕೆ ಇನ್ನೂ ದಿನಗಳಿದ್ದವು.

ಭಾನುವಾರ ಬಸ್ಸಿಳಿದು ನಡೆದೆ. ಸೋನೆ ಹಿಡಿದಿತ್ತು. ರಾಗಿ ಹೊಲದ ಬದುಗಳಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತಿತ್ತು, ಉತ್ತರಾಣಿಯ ಬೀಜ ಪ್ಯಾಂಟಿಗೆ ಹತ್ತಿಕೊಳ್ಳುತ್ತಿತ್ತು. ಏರಿಯ ಮೇಲೆ ಎರಡು ಹುಣಸೆಮರಗಳೂ ಕಲ್ಲೂ ಅವ್ವ ಹೇಳಿದ ಹಾಗೆಯೇ ಇದ್ದವು. ಹಿಂದೆ ನಮ್ಮೂರ ಕಡೆಗೆ ಹೆಣ್ಣು ಕೊಟ್ಟ ಮನೆ ಯಾವುದು ಎಂದು ವಿಚಾರಿಸುತ್ತ ಬೋರೇಗೌಡರ ಮನೆಗೆ ಬಂದೆ. ನನಗಿಂತ ಸ್ವಲ್ಪ ದೊಡ್ಡವರು. ಹಬ್ಬದ ದಿನದ ನೆಂಟ ಎಂದು ನಗುತ್ತ ಚಾಪೆ ಹಾಸಿದರು, ನೀರು ಕೊಟ್ಟರು. ಯಾರ ಮನೆಯವರು ಎಂದು ಕೇಳಿದರು.

ಕೆಂಪಮ್ಮನ ಮಗ ಎಂದೆ. ಅವ್ವನಿಗೆ ಬೇರೆ ಹೆಸರು ನನಗೆ ಗೊತ್ತಿರಲಿಲ್ಲ. ಈ ಮನೆಯಿಂದ ನಮ್ಮೂರಿಗೆ ಕೊಟ್ಟ ಕೆಂಪಮ್ಮ.

ಅವರ ನಗು ನಿಂತಿತು. ಪಕ್ಕದಲ್ಲಿ ಅವರ ದಾಯಾದಿ ಚಿಕ್ಕಣ್ಣ ಎಂಬಾತ ಕೂತಿದ್ದ. ಬೋರೇಗೌಡರು ನನ್ನಿಂದ ಕಣ್ಣು ತೆಗೆಯದೆ ಅವನಿಗೆ ಹೇಳಿದರು:

"ಲೇ ಚಿಕ್ಕ, ಇವ್ರ್ ಕಾಲ್ ನೋಡ್ಲಾ."

ಚಿಕ್ಕಣ್ಣ ನಿಜಕ್ಕೂ ಬಗ್ಗಿ ನೋಡಿದ. "ಮುಂದ್ಕೇ ಅವೆ ಕಣ್ಲಾ. ಅವಾಯಿ ಚಪ್ಲಿ ಬ್ಯಾರೆ ಆಕವ್ರೆ."

ಬೋರೇಗೌಡರು ನಿಧಾನವಾಗಿ ಹೇಳಿದರು: "ಕೆಂಪತ್ತೆ ಸತ್ತಿದ್ದು ಇದೇ ಮನೇಲಿ. ನಾನುಟ್ಟಕ್ಕೂ ಮುಂಚೆ. ಮಕ್ಳೂ ಇಲ್ಲ, ಮರೀನೂ ಇಲ್ಲ. ಈಗ ಒಳಗೆ ಅವ್ಳ್ಗೂ ಎಡೆ ಇಕ್ಕೀವಿ. ನೀವು ಯಾರು?"

ಬೆಳಿಗ್ಗೆ ನಾನು ಹೊರಡುವಾಗ ಅವ್ವ ಗಂಜಿ ಕುಡಿದು, ಕೊಡೆ ತಕ್ಕೋ ಎಂದಿದ್ದಳು. ಇಲ್ಲಿ ಅವಳ ಹೆಸರಿನ ಎಲೆ ಹಾಕಿತ್ತು.

ಆಗ ಒಳಗಿನಿಂದ ಬೋರೇಗೌಡರ ತಾಯಿ ದೇವೀರಮ್ಮ ಬಂದರು. ಬೆನ್ನು ಬಾಗಿದ್ದ ಮುದುಕಿ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿ, ನನಗೊಬ್ಬನಿಗೇ ಕೇಳುವಂತೆ ಅಂದರು:

"ನಿಮ್ಮವ್ವ ಬದುಕವ್ಳಾ?"

ಹ್ಞೂಂ ಎಂದೆ. ಮುದುಕಿ ಗೋಡೆ ಹಿಡಿದು ಕೂತುಬಿಟ್ಟರು. ಮಗನಿಗೆ, ಇವನು ನಮ್ಮವನೇ, ಮೊದಲು ಎಡೆಯ ಕೆಲಸ ಮುಗಿಯಲಿ ಎಂದರು.

ನಾನು ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ನಡುಮನೆಯ ಗೋಡೆಗುಂಟ ಪಂಚೆ ಸೀರೆಗಳನ್ನು ಸಾಲಾಗಿ ಮಡಿಸಿಟ್ಟಿದ್ದರು. ಒಂದೊಂದರ ಮುಂದೆ ಎಲೆ. ಸಾಲಿನ ಕೊನೆಯಲ್ಲಿ ಹಸಿರು ಸೀರೆ. ಅದರ ಮೇಲೆ ಅಂಗೈ ಅಗಲದ ಒಂದು ಕುಲಾವಿ, ಕೂಸಿನ ಟೋಪಿ. ಸೀರೆ ಅಂಗಡಿಯಿಂದ ತಂದ ಮಡಿಕೆಯಲ್ಲೇ ಇತ್ತು. ಬೋರೇಗೌಡರು ಅದನ್ನು ಎರಡು ಕೈಯಲ್ಲಿ ಎತ್ತಿ ನೇರ ಮಾಡಿಟ್ಟದ್ದನ್ನು ಕಂಡೆ. ಒಣಗಿತ್ತು. ಧೂಪ ಹಾಕಿದರು, ಹೆಸರು ಕರೆದರು, ಕೊನೆಗೆ ಕೆಂಪಮ್ಮ ಎಂದರು. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಿದರು.

ಜಗಲಿಯ ಆ ತುದಿಯಲ್ಲಿ ಬೋರೇಗೌಡರ ಮಗಳು ಸವಿತ ಕೂತಿದ್ದಳು. ಚೊಚ್ಚಲ ಬಾಣಂತನಕ್ಕೆ ಬಂದಿದ್ದ ತುಂಬು ಬಸುರಿ, ಎಡೆಯ ಕೋಣೆಗೆ ಅವಳು ಹೋಗುವಂತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಸೂರಿನಿಂದ ಹನಿ ಬೀಳುತ್ತಿತ್ತು. ಒಳಗೆ ಒಮ್ಮೆ ಸದ್ದಾಯಿತು. ಒದ್ದೆ ಬಟ್ಟೆಯನ್ನು ಕೊಡವಿದ ಹಾಗೆ. ಒಂದೇ ಸಲ. ಚಿಕ್ಕಣ್ಣ ನನ್ನ ಮುಖ ನೋಡಿದ. ನಾನು ಬೋರೇಗೌಡರ ಮುಖ ನೋಡಿದೆ. ಅವರು ಬಾಗಿಲಿನ ಮೇಲೆ ಕಣ್ಣಿಟ್ಟಿದ್ದರು.

ಕೆಮ್ಮಿ, ಬಾಗಿಲು ತಟ್ಟಿ, ತೆಗೆದರು. ಹೊಗೆ ಹೊರಕ್ಕೆ ಬಂತು. ಎಲೆಗಳು ಬಡಿಸಿದ ಹಾಗೆಯೇ ಇದ್ದವು. ಹಸಿರು ಸೀರೆ ಇಟ್ಟ ಜಾಗದಲ್ಲೇ, ಇಟ್ಟ ಮಡಿಕೆಯಲ್ಲೇ ಇತ್ತು. ಅದರ ಕೆಳಗಿನ ಅಂಚು ಒಂದು ಗೇಣು ನೆನೆದಿತ್ತು. ದೇವೀರಮ್ಮ ಅದನ್ನು ಎತ್ತಿ ನನಗೆ ತೋರಿಸಿದರು. ಬೆರಳಲ್ಲಿ ಒತ್ತಿದಾಗ ನೀರು ಜಿನುಗಿತು. ಅಂಚಿಗೆ ಉತ್ತರಾಣಿಯ ಬೀಜಗಳು ಹತ್ತಿಕೊಂಡಿದ್ದವು. ನಾನು ಮೇಲೆ ನೋಡಿದೆ. ಹೆಂಚು ಸೋರಿರಲಿಲ್ಲ. ನೆಲ ಒಣಗಿತ್ತು. ಪಕ್ಕದ ಸೀರೆಯೂ ಒಣಗಿತ್ತು. ನಾನು ಕಂಡದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ದೇವೀರಮ್ಮ ಬೀಜಗಳನ್ನು ಒಂದೊಂದಾಗಿ ಬಿಡಿಸಿ ಹಾಕುತ್ತ ಹೇಳಿದರು: "ವರ್ಸ್‌ವರ್ಸ್ವೂ ಇಂಗೆಯ. ನಮ್ಮತ್ತೆ ಕಾಲದಿಂದ್ಲೂ. ಮೊದ್ಲು ಗಂಡನ್ಮನೆಗೆ ಓಯ್ತಾಳೆ. ಅಲ್ಲಿ ಕರ್ಯೋರಿಲ್ಲ. ತಿರ್ಗ ಇಲ್ಲಿಗಂಟ ನಡ್ಕಂಡ್ ಬತ್ತಾಳೆ."

"ನೀನ್ ಯಾವತ್ತೂ ಯೇಳ್ನಿಲ್ವಲ್ಲವ್ವ," ಎಂದರು ಬೋರೇಗೌಡರು. ಪ್ರತಿ ವರ್ಷ ಬಾಗಿಲು ತೆಗೆದೊಡನೆ ಆ ಸೀರೆಯನ್ನು ಎತ್ತಿಡುತ್ತಿದ್ದವರು ದೇವೀರಮ್ಮನೇ.

ಆಗಲೇ ದೇವೀರಮ್ಮ ಮಗನನ್ನೂ ನನ್ನನ್ನೂ ಜಗಲಿಗೆ ಕರೆದು ಮಿಕ್ಕದ್ದನ್ನು ಮೆಲ್ಲಗೆ ಹೇಳಿದರು. ಕೆಂಪಮ್ಮ ಸತ್ತ ವರ್ಷ ಅವರು ಆ ಮನೆಗೆ ಹೊಸ ಸೊಸೆ. ಒಂದೇ ತರದ ಎರಡು ಹಸಿರು ಸೀರೆ ತಂದಿದ್ದರಂತೆ. ಒಂದನ್ನು ಹೆಣಕ್ಕೆ ಉಡಿಸಿದರು, ಇನ್ನೊಂದನ್ನು ತಿಥಿ ಕಳೆದ ಮೇಲೆ ತಂಗಿಗೆ ಉಡಿಸಿ ಗಾಡಿ ಹತ್ತಿಸಿದರು. ಆ ಹುಡುಗಿಗೆ ತಲೆ ಬಾಚಿದ್ದು ದೇವೀರಮ್ಮನೇ. ಅವತ್ತಿನಿಂದ ಆ ಮನೆಯಲ್ಲಿ ಅವಳ ಹೆಸರು ಎತ್ತಲಿಲ್ಲ. ಗಂಡನ ಮನೆಯಲ್ಲಿ ಕೆಂಪಮ್ಮ ಬದುಕಿರುವ ಲೆಕ್ಕ, ಹಾಗಾಗಿ ಅಲ್ಲಿ ಎಡೆಯಿಲ್ಲ. ಸತ್ತವಳನ್ನು ತವರೇ ನೋಡಿಕೊಳ್ಳಬೇಕಾಯಿತು. ಹಿರಿಯರು ದೊಡ್ಡ ಬುದ್ಧಿವಂತಿಕೆ ಎಂದುಕೊಂಡು ಮಾಡಿದ್ದು ಇದು. ಸತ್ತವಳಿಗೆ ಮನೆ ತಪ್ಪಿತು, ಬದುಕಿದವಳಿಗೆ ಹೆಸರು ತಪ್ಪಿತು.

ನಾನು ಬಂದ ಕಾರಣ ಹೇಳಿದೆ. ಅವ್ವನ ಹೆಸರು ಬೇಕು. ದೇವೀರಮ್ಮ ಜಗಲಿಯ ತುದಿಯಲ್ಲಿ ಕೂತಿದ್ದ ಮೊಮ್ಮಗಳ ಕಡೆ ನೋಡಿದರು.

"ಇವತ್ತು ಇಲ್ಲಿ ಆ ಎಸ್ರಂದ್ರೆ ಅವ್ಳ್ ಕೇಳಿಸ್ಕತ್ತಾಳೆ. ತನ್ ಜಾಗ್ದಲ್ಲಿ ತಂಗಿ ಬಾಳಾಟ ಮಾಡವ್ಳೆ ಅಂತ ತಿಳ್ದೋಯ್ತದೆ. ಈ ಮೊಗ ಇದೇ ಮನೇಲಿ ಎರ್ಬೇಕು ಕಣಪ್ಪ."

ಅವ್ವ ಅಷ್ಟು ದಿನ ಉಳಿಯುವುದು ಅನುಮಾನ ಎಂದೆ.

"ಉಳೀತಾಳೆ. ಇಷ್ಟ್ ವರ್ಸ ಬಾಯ್ ಕಟ್ಕಂಡವ್ಳು. ಕೂಸಾಯ್ಲಿ, ನಾನೇ ಬಂದು ಕರೀತೀನಿ. ಆದ್ರೆ ಕೆಂಪಮ್ಮನ್ನ ನೀನ್ ಕರ್ಕಂಡೋಗು. ಇದು ನಿಮ್ಮನೆ ಎಣ್ಣು."

ಹಸಿರು ಸೀರೆ, ಕುಲಾವಿ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇಲ್ಲವೆನ್ನಲು ನನಗೆ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಎರಡು ಟಿಕೆಟ್ಟು ಹರಿಯಲು ಹೋದ. ಒಬ್ಬನೇ ಎಂದೆ. ಅವನು ಪಕ್ಕದ ಸೀಟು ನೋಡಿ ಒಂದನ್ನೇ ಹರಿದುಕೊಟ್ಟ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಂಟು ಇನ್ನೂ ಬಿಚ್ಚಿರಲಿಲ್ಲ. ಅವ್ವ ಅದನ್ನು ನೋಡಿ, "ಹಸ್ರಾ?" ಎಂದಳು. ಹೂಂ ಎಂದೆ. ಎಲ್ಲ ಹೇಳಿದೆ. ಅಕ್ಕ ಇಷ್ಟು ವರ್ಷ ನಡೆದು ಬಂದು ಬಾಗಿಲಿನಿಂದ ಹಿಂದಕ್ಕೆ ಹೋಗಿದ್ದಾಳೆ ಎಂದು ಕೇಳಿ ಅವ್ವ ಮುಖಕ್ಕೆ ಸೆರಗು ಹಾಕಿಕೊಂಡಳು. ಆಮೇಲೆ, ಇಲ್ಲೇ ಇಡು, ಇದು ಅವಳ ಮನೆ ಎಂದಳು. ಅವತ್ತಿನಿಂದ ಹಾಸಿಗೆಯಲ್ಲಿ ಗೋಡೆಯ ಕಡೆ ಸರಿದು, ಈಚೆಗೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು ಮಲಗುತ್ತಿದ್ದಳು. ಜಯ ಬೆಡ್‌ಶೀಟ್ ಎಳೆಯಲು ಹೋದರೆ, ಆ ಕಡೆಯದನ್ನು ಮುಟ್ಟಬೇಡ ಎನ್ನುತ್ತಿದ್ದಳು.

ಅಮಾವಾಸ್ಯೆ ಬಂತು. ನಮ್ಮ ನಡುಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪನ ಎಲೆಗಳ ಜೊತೆ, ಅಪ್ಪನ ಪಂಚೆಯ ಪಕ್ಕದಲ್ಲಿ ಹಸಿರು ಸೀರೆ ಇಟ್ಟೆ. ಅವ್ವ ಪಕ್ಕದ ಕೋಣೆಯಲ್ಲಿ, ಮಣ್ಣಿನ ಗೋಡೆಯ ಆಚೆ ಮಲಗಿದ್ದಳು. ನನಗೆ ಭಯವಿದ್ದದ್ದು ಒಂದೇ. ಐವತ್ತಕ್ಕೂ ಹೆಚ್ಚು ವರ್ಷ ಅವಳು ಆ ಹೆಸರಿಗೆ ಓಗೊಟ್ಟವಳು. ಸತ್ತವಳನ್ನು ಕರೆದಾಗ ಬದುಕಿದವಳು "ಆಂ" ಎಂದರೆ ಏನಾಗುತ್ತದೆ? ಅವ್ವ ಅದನ್ನು ನನಗಿಂತ ಮೊದಲೇ ಯೋಚಿಸಿದ್ದಳು. ಜಯಳನ್ನು ಹತ್ತಿರ ಕೂರಿಸಿಕೊಂಡು, ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು.

ನಾನು ಕರೆದೆ. ಕೊನೆಗೆ ಕೆಂಪಮ್ಮ ಎಂದೆ. ಗೋಡೆಯ ಆಚೆಯಿಂದ ಸದ್ದು ಬರಲಿಲ್ಲ. ಆಮೇಲೆ ಜಯ ಹೇಳಿದಳು: ಆ ಹೆಸರು ಕೇಳಿದೊಡನೆ ಅವ್ವನ ಮೈಯೆಲ್ಲ ಎದ್ದು ಹಾಸಿಗೆಗೆ ಬಿತ್ತಂತೆ, ಬಾಯಿ ಮಾತ್ರ ಬಿಡಲಿಲ್ಲವಂತೆ.

ಬಾಗಿಲು ಮುಚ್ಚಿದೆವು. ಹೊರಗೆ ಜಿಟಿಜಿಟಿ ಮಳೆ, ಅಂಗಳವೆಲ್ಲ ಕೆಸರು. ತೆಗೆದಾಗ ನಾನು ಮೊದಲು ನೋಡಿದ್ದು ಸೀರೆಯ ಅಂಚನ್ನು. ಮುಟ್ಟಿಯೂ ನೋಡಿದೆ. ಒಣಗಿತ್ತು. ಜಯಳೂ ಬಂದು ಮುಟ್ಟಿದಳು. ಅವ್ವನಿಗೆ ಹೇಳಿದಾಗ ಅವಳು ಸೆರಗನ್ನು ಬಾಯಿಂದ ತೆಗೆದು, "ಸದ್ಯ, ಕಾಲ್ ನೋವ್ ತಪ್ತು ಅವ್ಳ್ಗೆ," ಎಂದಳು.

ಆಮೇಲಿನ ದಿನಗಳು ಬಹಳ ನಿಧಾನ. ಕೆಂಪಮ್ಮ ಎಂದರೆ ಅವ್ವ ತಿರುಗುತ್ತಿರಲಿಲ್ಲ. ಆ ಹೆಸರನ್ನು ಅದರ ಒಡತಿಗೆ ವಾಪಸು ಕೊಟ್ಟಾಗಿತ್ತು, ಇವಳಿಗೆ ಇನ್ನೂ ಏನೂ ಇರಲಿಲ್ಲ. ಡಾಕ್ಟರು ಬಂದು ಹೆಸರು ಹಿಡಿದು ಕರೆದರೂ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಕಿವಿ ಕೇಳಿಸುತ್ತಿಲ್ಲವೇ ಎಂದು ಅವರು ನನ್ನನ್ನು ಕೇಳಿದರು. ಕೇಳಿಸುತ್ತದೆ ಎಂದೆ. ಗಂಜಿ ಎರಡು ಗುಟುಕಿಗೆ ಇಳಿಯಿತು. ದಿನಾ ಸಂಜೆ ಅಂಗಡಿಯಿಂದ ಬಂದಾಗ, ಆಯ್ತಾ ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದಳು. ಸವಿತಳ ಹೆರಿಗೆಯ ಸುದ್ದಿಗೆ ಅವಳಷ್ಟು ಕಾದವರು ಆ ಮನೆಯಲ್ಲೂ ಇರಲಿಲ್ಲ.

ದೀಪಾವಳಿಯ ಮಾರನೆಯ ದಿನ ಬೆಳಿಗ್ಗೆ ದೇವೀರಮ್ಮ ಬೋರೇಗೌಡರ ತೋಳು ಹಿಡಿದು ನಮ್ಮ ಅಂಗಳಕ್ಕೆ ಬಂದರು. ಹೆಣ್ಣು ಕೂಸು, ಇಬ್ಬರೂ ಸುಖ ಎಂದರು. ಕೈಕಾಲು ತೊಳೆದು ನೇರ ಅವ್ವನ ಕೋಣೆಗೆ ಹೋದರು. ಬೋರೇಗೌಡರೂ ನಾನೂ ಜಯಳೂ ಹಿಂದೆಯೇ ಹೋದೆವು. ಹಾಸಿಗೆಯ ಈಚೆಯ ಖಾಲಿ ಜಾಗದಲ್ಲಿ ಕೂರಲಿಲ್ಲ, ಕಾಲಿನ ಕಡೆ ಸುತ್ತಿಬಂದು ಗೋಡೆಯ ಪಕ್ಕ ಬಗ್ಗಿದರು. ಮಾತಿಗೆ ಮೊದಲು ಅವ್ವನ ತಲೆಗೂದಲನ್ನು ಬೆರಳಿನಿಂದ ಬಿಡಿಸಿ ಹಿಂದಕ್ಕೆ ನೀವಿದರು. ಆಮೇಲೆ, ಹೊಲದಲ್ಲಿ ದೂರ ಇರುವವರನ್ನು ಕೂಗುವಂತೆ, ಗಟ್ಟಿಯಾಗಿ ಕರೆದರು.

"ಜವನೀ. ಜವನಮ್ಮೋ."

ಅವ್ವ ಕಣ್ಣು ತೆರೆದಳು. ಆ ವಾರದಲ್ಲಿ ಅವಳ ಧ್ವನಿ ಪಿಸುಮಾತಿಗೆ ಇಳಿದಿತ್ತು. ಆದರೆ ಆಗ ಬಂದ ಧ್ವನಿ ಹಾಗಿರಲಿಲ್ಲ. ತೆಳ್ಳಗೆ, ಸ್ಪಷ್ಟವಾಗಿ, ಆಟದ ನಡುವೆ ಕರೆಸಿಕೊಂಡ ಹುಡುಗಿಯದಾಗಿತ್ತು.

"ಬಂದೇ," ಎಂದಳು.

ಅಷ್ಟೇ. ದೇವೀರಮ್ಮನ ಕೈ ಹಿಡಿದುಕೊಂಡು ಮಧ್ಯಾಹ್ನದವರೆಗೆ ಮಲಗಿದ್ದಳು, ಮತ್ತೆ ಮಾತಾಡಲಿಲ್ಲ. ಆ ವಾರದಲ್ಲೇ ಹೋದಳು. ಮುಂದಿನ ವರ್ಷದ ಪಕ್ಷದಿಂದ ಅಪ್ಪನ ಪಂಚೆಯ ಆ ಪಕ್ಕ ಹಸಿರು ಸೀರೆ, ಈ ಪಕ್ಕ ಕೆಂಪು ಸೀರೆ ಇಡುತ್ತೇವೆ. ಎರಡು ಹೆಸರನ್ನೂ ಕರೆಯುತ್ತೇನೆ. ಬಾಗಿಲು ತೆಗೆದ ಮೇಲೆ ಎರಡರ ಅಂಚನ್ನೂ ಮುಟ್ಟಿ ನೋಡುತ್ತೇನೆ.

ಆ ಭಾನುವಾರ ನೆನೆದ ಅಂಚನ್ನು ಕಂಡವರಲ್ಲಿ ದೇವೀರಮ್ಮ ಇಲ್ಲ, ಚಿಕ್ಕಣ್ಣನೂ ಇಲ್ಲ. ಬೋರೇಗೌಡರು ಇದ್ದಾರೆ. ಆ ಬಾಗಿಲನ್ನು ಹೊಸ ಮನೆಗೆ ಇಡಿಸುವುದೋ ಬೇಡವೋ ಎಂದು ಹೋದ ತಿಂಗಳು ನನ್ನನ್ನೇ ಕೇಳಿದರು. ಒಳಗೆ ಸದ್ದಾದದ್ದನ್ನು ಜಗಲಿಯ ತುದಿಯಲ್ಲಿದ್ದ ಸವಿತಳೂ ಕೇಳಿದ್ದಳು. ಈಗ ಶ್ರೀರಂಗಪಟ್ಟಣದಲ್ಲಿದ್ದಾಳೆ, ಕೇಳಿದರೆ ಹೇಳುತ್ತಾಳೆ. ಅವ್ವ ಓಗೊಟ್ಟದ್ದನ್ನು ಕೇಳಿದವರು ನಾನು, ಬೋರೇಗೌಡರು, ಜಯ. ಜಯ ಒಳಗೆ ಅಕ್ಕಿ ಆರಿಸುತ್ತಿದ್ದಾಳೆ. ಇದನ್ನು ಓದಿ ಹೇಳಿದಾಗ, ಒಂದು ಬಿಟ್ಟಿದ್ದೀರಿ ಎಂದಳು. ಅವ್ವ ಬಂದೇ ಎಂದಾಗ, ಹಾಸಿಗೆಯ ಈಚೆಯ ಖಾಲಿ ಜಾಗದಲ್ಲಿ ಬೆಡ್‌ಶೀಟು ಸರಿಯಿತು, ಮಲಗಿದ್ದವರು ಎದ್ದು ದಾರಿ ಬಿಟ್ಟ ಹಾಗೆ. ನಾನು ಅದನ್ನು ನೋಡಿಲ್ಲ. ಅವಳು ನೋಡಿದ್ದಾಳೆ.